ಭೀಮೆಯ ತಳದ ಸದ್ದು

ಗುಲ್ಬರ್ಗದಿಂದ ಹೊರಟ ಬಸ್ಸಿನಲ್ಲಿ ನನಗೆ ಎರಡೂವರೆ ರೂಪಾಯಿ, ನನ್ನ ಯಂತ್ರದ ಪೆಟ್ಟಿಗೆಗೆ ಅರ್ಧ ಟಿಕೆಟ್ಟು. ಎಂಬತ್ತರ ದಶಕದ ಒಂದು ಚಳಿಗಾಲ. ಚೌಡಾಪುರದಲ್ಲಿ ಇಳಿದು ಎತ್ತಿನ ಗಾಡಿಯಲ್ಲಿ ಭೀಮಾನದಿಯ ದಡ ಸೇರಿದಾಗ ಮಧ್ಯಾಹ್ನ. ಬಿಳಿಜೋಳದ ಹೊಲಗಳು ಬಿಸಿಲಲ್ಲಿ ತೂಕಡಿಸುತ್ತಿದ್ದವು, ನಾನೂ.

ನೌಕಾಪಡೆಗಾಗಿ, ನೀರಿಗೆ ಸದ್ದು ಬಿಟ್ಟು ಅದರ ಮಾರ್ದನಿ ಕೇಳಿ ಕಡಲತಳ ಅಳೆಯುವುದು ನನ್ನ ಕೆಲಸ. ತೀರದ ಆಳವಿಲ್ಲದ ನೀರಿನಲ್ಲಿ ಕೆಸರು ಸದ್ದನ್ನು ನುಂಗುತ್ತದೆ, ಬಂಡೆ ಹಿಂದಕ್ಕೆಸೆಯುತ್ತದೆ. ಯಾವುದು ಎಲ್ಲಿದೆಯೆಂದು ತಿಳಿಯದಿದ್ದರೆ ಹಡಗಿನ ಕಿವಿ ಮೋಸಹೋಗುತ್ತದೆ. ಅಲೆಗಳ ಗದ್ದಲಕ್ಕೆ ಇಳಿಸುವ ಮೊದಲು ಹೊಸ ಯಂತ್ರವನ್ನು ಶಾಂತ ನೀರಲ್ಲಿ ಪರೀಕ್ಷಿಸಿ ಬಾ ಎಂದು ಕಳಿಸಿದ್ದರು.

ಸಿಕ್ಕ ಅಂಬಿಗ ಖಾಜಾಸಾಬ, ಐವತ್ತು ದಾಟಿದವನು. "ನನ್ನ ದೋಣ್ಯಾಗ ಊರಮಂದಿ ಕುಂದ್ರಂಗಿಲ್ರಿ," ಎಂದು ಮೊದಲೇ ಹೇಳಿದ. ಹಿಂದಿನ ಬೇಸಿಗೆ ನಡುಹೊಳೆಯಲ್ಲಿ ಅವನ ದೋಣಿ ಒಡೆದಿತ್ತು. ವ್ಯಾಪಾರಿ ಶರಣಪ್ಪನ ತಾಯಿ ಮುಳುಗಿದ್ದಳು. ಖಾಜಾಸಾಬನೇ ಎಳೆದು ತಂದು ಬದುಕಿಸಿದ್ದ. "ಕಲ್ಲ ಬಡೀತು ಅಂದ್ರ ನಂಬವಲ್ರು. ಅಲ್ಲಿ ಬರೇ ರಾಡಿ, ನೀ ಕುಡದಿದ್ದಿ ಅಂತಾರ. ನಾ ಹನಿ ಮುಟ್ಟಿದವಲ್ರಿ."

ಎರಡು ದಿನ ಸುಮ್ಮನೆ ತೇಲಿದೆವು. ಅವನ ಮನೆಯ ರೊಟ್ಟಿ, ಶೇಂಗಾ ಹಿಂಡಿ. ಹೆಡ್‌ಫೋನಿನಲ್ಲಿ ಕೆಸರಿನ ಮೆತ್ತನೆಯ ಸದ್ದು, ಯಾರೋ ನಿದ್ದೆಯಲ್ಲಿ ಉಸಿರಾಡಿದಂತೆ. ನಾನು ಎಚ್ಚರವಿದ್ದೆನೋ ಇಲ್ಲವೋ. ಮೂರನೆಯ ಬೆಳಿಗ್ಗೆ, ಅವನ ದೋಣಿ ಒಡೆದಿದ್ದ ನಡುಹೊಳೆಯಲ್ಲೇ, ಟಣ್ ಎಂದಿತು. ಯಂತ್ರ ಬರೆಯುವ ಕಾಗದದ ಮೇಲಿನ ಕಪ್ಪು ಗೆರೆ ಚೂಪಾಗಿ ಮೇಲೆದ್ದಿತು. ಕೆಸರಿನಲ್ಲಿ ಹಲಗೆಯಂತೆ ನೆಟ್ಟಗೆ ನಿಂತ ಒಂದು ಫರಸಿ ಕಲ್ಲು, ನೆಲಕ್ಕೆ ಹಾಸುವಂಥ ಚಪ್ಪಡಿ.

ಹೆಡ್‌ಫೋನನ್ನು ಖಾಜಾಸಾಬನ ಕಿವಿಗೆ ಹಾಕಿದೆ. ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ. ಆಮೇಲೆ ಮೆಲ್ಲಗೆ, "ಶರಣಪ್ಪಗೂ ಕೇಳ್ಸ್ರಿ," ಎಂದ.

ಶರಣಪ್ಪ ದಡದಲ್ಲೇ ನಿಂತು ಕಾಗದ ನೋಡಿದ. "ಮಶೀನ್ ಏನ್ ಬೇಕಾದ್ರೂ ಬರೀತದ್ರಿ."

ಹಿಂದಿನಿಂದ ಅವನ ತಾಯಿ ಸೀರೆ ಎತ್ತಿ ಕಟ್ಟಿಕೊಂಡು ನೀರಿಗಿಳಿದಳು. "ಮುಳುಗಿದಾಕಿ ನಾನು. ನಾ ಕೇಳ್ತೇನಿ, ಆಚಿ ಸರೀ ಲೇ." ದೋಣಿ ಹತ್ತಿ ಕುಳಿತೇಬಿಟ್ಟಳು. ಮಗನೂ ಹತ್ತಬೇಕಾಯಿತು.

ನಡುಹೊಳೆಯಲ್ಲಿ ಮುದುಕಿ ಕೇಳಿದಳು, ಮಗನಿಗೆ ಕೊಟ್ಟಳು. ಶರಣಪ್ಪ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡ. "ತಪ್ಪಾತೋ ಖಾಜಾ."

ಖಾಜಾಸಾಬನ ಗಡ್ಡ ಒದ್ದೆಯಾಗಿತ್ತು.

"ಇನ್ನ ಆಚೀ ದಡಕ್ಕ ಬಿಡಪಾ," ಎಂದಳು ಮುದುಕಿ. "ಮಗಳ ಮಾರಿ ನೋಡಿ ಭಾಳ ದಿನಾತು."

ನನಗೂ ಆಚೆಯ ನೆಲೋಗಿಗೆ ಹೋಗಿ ಜೇವರ್ಗಿ ಬಸ್ಸು ಹಿಡಿಯಬೇಕಿತ್ತು. ಆಚೆ ದಡದಲ್ಲಿ ಇಳಿದು ನಾನೂ ಮುದುಕಿಯೂ ದಿಬ್ಬ ಹತ್ತಿದೆವು. ತಿರುಗಿ ನೋಡಿದರೆ ದೋಣಿ ಇನ್ನೂ ಅಲ್ಲೇ ಇತ್ತು. ಖಾಜಾಸಾಬನೂ ಶರಣಪ್ಪನೂ ಎದುರುಬದುರು ಕುಳಿತಿದ್ದರು. ಹೊರಡುವ ಅವಸರ ಯಾರಿಗೂ ಇದ್ದಂತೆ ಕಾಣಲಿಲ್ಲ.