ನನ್ನ ಬಲಗಾಲು ಕುಡಿದ ಪೆಟ್ರೋಲು

೧೯೮೧ರ ಮಾವಿನ ಕಾಲ. ಆಗ ನಾನು ಶ್ರೀನಿವಾಸಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಹೆಂಡತಿ ಸರೋಜ ಮುಳಬಾಗಿಲು ರಸ್ತೆಯ ಹಳ್ಳಿಯೊಂದರ ಆಸ್ಪತ್ರೆಯಲ್ಲಿ ನರ್ಸು. ಹಿಂದಿನ ವರ್ಷ ಅವಳಿಗೆ ಮೂರನೇ ತಿಂಗಳಲ್ಲಿ ಗರ್ಭ ಇಳಿದುಹೋಗಿತ್ತು. ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದರು. ನಾನು ಕೇಳುವವನೇ? ಅವಳು ದಿನಾ ಹೋಗುತ್ತಿದ್ದ ಬಸ್ಸಿನ ಕುಲುಕಾಟವೇ ಕಾರಣ ಎಂದು ತೀರ್ಮಾನಿಸಿಬಿಟ್ಟೆ. ಯಾರೋ ಓಡಿಸಿ ಬಿಟ್ಟಿದ್ದ ಹಳೆಯ ಸ್ಕೂಟರೊಂದನ್ನು ಕೊಂಡು, ದಿನಾ ನಾನೇ ಅವಳನ್ನು ಬಿಟ್ಟು ಕರೆತರತೊಡಗಿದೆ.

ಯುಗಾದಿ ಕಳೆದ ಮೇಲೆ ಸರೋಜ ಮತ್ತೆ ಬಸುರಿಯಾದಳು. ಐದು ತಿಂಗಳು ತುಂಬುವ ತನಕ ಹೊರಗಿನವರ ಮುಂದೆ ಬಾಯಿ ಬಿಡಬಾರದೆಂದು ನಮ್ಮತ್ತೆಯ ಕಟ್ಟಪ್ಪಣೆ. ನಾನು ಬಾಯಿ ಬಿಡಲಿಲ್ಲ. ಹಿಂದಿನ ಸೀಟಿನ ಮೇಲೆ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಕಿದೆ, ಅಷ್ಟೆ.

ಅದೇ ದಿನಗಳಲ್ಲಿ ಸ್ಕೂಟರು ಪೆಟ್ರೋಲು ಕುಡಿಯಲು ಶುರುಮಾಡಿತು. ಲೀಟರಿಗೆ ನಲವತ್ತು ಕಿಲೋಮೀಟರು ಓಡುತ್ತಿದ್ದ ಗಾಡಿ ಮೂವತ್ತಕ್ಕೇ ಸುಸ್ತು. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಗಾಡಿಯ ಕೆಳಗೆ ಮೂಗಿಟ್ಟು ಸೋರುತ್ತಿದೆಯೇ ಎಂದು ನೋಡಿದೆ. ಯಾರಾದರೂ ಕದಿಯುತ್ತಿರಬಹುದೆಂದು ಟ್ಯಾಂಕಿನ ಮುಚ್ಚಳಕ್ಕೆ ದಾರ ಕಟ್ಟಿದೆ. ದಾರ ಕಟ್ಟಿದಂತೆಯೇ ಇತ್ತು. ಎದುರು ಮನೆಯವರನ್ನು ಅನುಮಾನಿಸಿದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡೆ.

ಒಂದು ಶನಿವಾರ ಮಧ್ಯಾಹ್ನ ಪೆಟ್ರೋಲು ಮುಗಿದು ಅರ್ಧ ದಾರಿಯಲ್ಲಿ ಗಾಡಿ ನಿಂತೇಹೋಯಿತು. ನಾನು ತಳ್ಳುತ್ತಾ, ಸರೋಜ ಬಿಸಿಲಿನಲ್ಲಿ ನಡೆಯುತ್ತಾ ಎರಡು ಮೈಲಿ ಬಂದೆವು. ಮನೆಗೆ ಬಂದು ಒಂದು ಚೊಂಬು ನೀರು ಕುಡಿದವಳು, "ಸಾಕು ರೀ. ಸೋಮವಾರದಿಂದ ಬಸ್ಸಲ್ಲೇ ಹೋಗ್ತೀನಿ" ಎಂದಳು. ಆ ಕುಲುಕಾಟದ ಬಸ್ಸಿಗೆ ಅವಳನ್ನು ಮತ್ತೆ ಹತ್ತಿಸುವುದೇ?

ಉಳಿದದ್ದು ಭಾನುವಾರ ಒಂದೇ. ಇಬ್ಬರೂ ಮೆಕ್ಯಾನಿಕ್ ರೆಡ್ಡೆಪ್ಪನವರ ಬಳಿ ಹೋದೆವು. ಮಾವಿನ ಮಂಡಿಯ ಪಕ್ಕದ ಮರದಡಿಯೇ ಅವರ ಅಂಗಡಿ. ಆಗಲೇ ಎರಡು ಸಲ ಕಾರ್ಬುರೇಟರು ತೊಳೆದು, ಪ್ಲಗ್ಗು ಬದಲಾಯಿಸಿ ಸೋತಿದ್ದರು. ಆವತ್ತು ಅವರು ಖಾಲಿ ಗ್ಲೂಕೋಸ್ ಬಾಟಲಿಗೆ ಪೆಟ್ರೋಲು ತುಂಬಿ, ಅದರ ನಳಿಗೆಯನ್ನು ಎಂಜಿನ್ನಿಗೆ ಸಿಕ್ಕಿಸಿ, ಮೊದಲು ತಾವೇ ಕೆರೆಯ ತನಕ ಹೋಗಿ ಬಂದರು. ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಮತ್ತೆ ತುಂಬಿ ನನ್ನೊಬ್ಬನನ್ನೇ ಕಳಿಸಿದರು. ಆಗಲೂ ಅರ್ಧ ಉಳಿಯಿತು.

"ಗಾಡೀಗೇನೂ ಆಗಿಲ್ಲ ಸಾರ್. ಈಗ ದಿನಾ ಹೆಂಗೆ ಹೋಗ್ತೀರೋ ಹಂಗೇ ಹೋಗ್ಬನ್ನಿ, ನರ್ಸಮ್ಮನ್ನ ಕೂರಿಸ್ಕೊಂಡು."

ಹೋಗಿ ಬಂದೆವು. ಬಾಟಲಿಯ ತಳ ಕಾಣುತ್ತಿತ್ತು.

ರೆಡ್ಡೆಪ್ಪ ಕುಕ್ಕರುಗಾಲಿನಲ್ಲಿ ಕೂತು ಹಿಂದಿನ ಚಕ್ರದ ನಡುವಿನ ಡ್ರಮ್ಮಿಗೆ ನಾಲ್ಕು ಹನಿ ನೀರು ಚಿಮುಕಿಸಿದರು. ಬಿಸಿ ಹಂಚಿಗೆ ಚಿಮುಕಿಸಿದಂತೆ ಚುಸ್ಸೆಂದಿತು.

"ನಾನ್ ಹೋದಾಗ ತಣ್ಣಗಿತ್ತು. ನೀವೊಬ್ರೇ ಹೋದಾಗ್ಲೂ ತಣ್ಣಗಿತ್ತು. ನರ್ಸಮ್ಮ ಕೂತ್ರೆ ಮಾತ್ರ ಹಿಂಗೆ ಕಾಯ್ತೈತೆ. ದಾರೀ ಉದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟಿದೀರ ಸಾರ್."

"ಛೆ ಛೆ, ನಾನಾ?" ಎಂದೆ.

"ಹಿಂದೆ ಕೂತೋಳಿಗೆ ಗೊತ್ತಾಗಲ್ವಾ? ಗಾಡಿ ಹಿಡ್ಕೊಂಡು ಹಿಡ್ಕೊಂಡು ಹೋಗತ್ತೆ. ಅದರ ವಯಸ್ಸು ಅಂದ್ಕೊಂಡಿದ್ದೆ" ಎಂದಳು ಸರೋಜ.

"ಯಾವತ್ತಿಂದ ಹಿಂಗೆ ಸಾರ್?"

"ಯುಗಾದಿ ಆದ್ಮೇಲೆ..." ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡೆ. ಸರೋಜ ಸೆರಗು ಎಳೆದುಕೊಂಡು ಆಚೆ ತಿರುಗಿದಳು. ರೆಡ್ಡೆಪ್ಪ ಸೀಟಿನ ಮೇಲಿದ್ದ ಕಂಬಳಿ ನೋಡಿದರು. ನನ್ನ ಮುಖ ನೋಡಿದರು. ಎದ್ದು ಕೈ ತೊಳೆದು, ಮರದಿಂದ ಒಂದು ಹಸಿರು ಮಾವಿನಕಾಯಿ ಕಿತ್ತು, ಪಂಚೆಯ ತುದಿಯಲ್ಲಿ ಒರೆಸಿ ಅವಳ ಕೈಗೆ ಕೊಟ್ಟರು.

"ಉಪ್ಪು ಹಚ್ಕೊಂಡು ತಿನ್ನಮ್ಮ. ಏಮೀ ಕಾದು, ಏನೂ ಆಗಲ್ಲ."

ಆ ಮಾತು ಅವಳಿಗೆ ಹೇಳಿದ್ದೋ ನನಗೋ ಈಗಲೂ ತಿಳಿಯದು. ನನ್ನ ಕಣ್ಣು ತುಂಬಿಕೊಂಡಿತು. ಪೆಟ್ರೋಲಿನ ಘಾಟು ಎಂದು ಸುಳ್ಳು ಹೇಳಿದೆ.

ಆಮೇಲೆ ಅವರು ಹಣ್ಣಿನ ಪೆಟ್ಟಿಗೆಯ ಮರದ ತುಂಡೊಂದನ್ನು ಕೊಯ್ದು, ಬ್ರೇಕ್ ಪೆಡಲಿನ ಎಡಗಡೆ, ಕಾಲಿಡುವ ತಗಡಿಗೆ ಗಟ್ಟಿಯಾಗಿ ಬಿಗಿದರು. "ಭಯ ಆದ್ರೆ ಇದನ್ನ ಒತ್ತಿ ಸಾರ್. ಎಷ್ಟು ಬೇಕಾದ್ರೂ ಒತ್ತಿ, ಪೆಟ್ರೋಲು ಕೇಳಲ್ಲ. ದನ ಅಡ್ಡ ಬಂದ್ರೆ ಮಾತ್ರ ಪಕ್ಕದ್ದು."

ಸರೋಜ ಬಸ್ಸು ಹತ್ತಲಿಲ್ಲ. ಗಾಡಿ ಮತ್ತೆ ನಲವತ್ತಕ್ಕೆ ಬಂತು. ಮಗಳು ಹುಟ್ಟುವ ಹೊತ್ತಿಗೆ ಆ ಮರದ ತುಂಡಿನಲ್ಲಿ ನನ್ನ ಚಪ್ಪಲಿಯ ಅಚ್ಚು ಮೂಡಿತ್ತು. ಗಾಡಿ ಮಾರುವಾಗ ಅದನ್ನು ಬಿಚ್ಚಿ ಇಟ್ಟುಕೊಂಡೆ.

ಈಗ ಮಗಳು ಕೆಲಸಕ್ಕೆ ಹೋಗುವ ತನ್ನ ಗಾಡಿಯಲ್ಲಿ ಒಮ್ಮೊಮ್ಮೆ ನನ್ನನ್ನೂ ಕೂರಿಸಿಕೊಳ್ಳುತ್ತಾಳೆ. ತಿರುವು ಬಂದಾಗಲೆಲ್ಲ ಹಿಂದೆ ಕೂತ ನನ್ನ ಬಲಗಾಲು ಏನನ್ನೋ ಹುಡುಕುತ್ತದೆ. "ಅಪ್ಪಾ, ಕಾಲು ಸುಮ್ನೆ ಇಟ್ಕೋ" ಎನ್ನುತ್ತಾಳೆ. ಹುಟ್ಟುವ ಮೊದಲಿನಿಂದಲೂ ಅವಳಿಗಾಗಿಯೇ ಒತ್ತುತ್ತಿರುವ ಕಾಲು ಅದು. ಸುಮ್ಮನಿರು ಎಂದರೆ ಕೇಳೀತೇ?