ನಾಳೆಗೆ ಇಟ್ಟ ಹೆಪ್ಪು

ಸಿಂದಗಿಯಲ್ಲಿ ಈಗ ನಾವಿರುವ ಮನೆಯ ಫ್ರಿಜ್‌ನಲ್ಲಿ ಯಾವಾಗ ನೋಡಿದರೂ ಎರಡು ಪ್ಯಾಕೆಟ್ ಮೊಸರು ಇರುತ್ತದೆ. ಮೊನ್ನೆ ಸಂಜೆ ಅದರಲ್ಲೊಂದನ್ನು ಕತ್ತರಿಸುತ್ತಿದ್ದೆ. ಮೇಲಿನ ಮನೆಯಲ್ಲಿ ತಾಟು ನೆಲಕ್ಕೆ ಬಿದ್ದ ಸದ್ದಾಯಿತು. ಹಿಂದೆಯೇ ಗಂಡಸಿನ ಕೂಗು, ಆಮೇಲೆ ಒಂದು ಹೆಣ್ಣು ದನಿ ಎದ್ದು ನಡುವೆಯೇ ನಿಂತುಹೋಯಿತು. ನನ್ನ ಕೈ ತಾನಾಗಿಯೇ ಟೀವಿ ರಿಮೋಟಿನ ಕಡೆ ಹೋಯಿತು. ಕೈಗೆ ಹಳೆಯ ಚಾಳಿ. ಆದರೆ ಬೆರಳಿಗೆ ಅಂಟಿದ್ದ ಮೊಸರಿನ ಹುಳಿ ವಾಸನೆ ನನ್ನನ್ನು ನೇರವಾಗಿ ಕನ್ನೊಳ್ಳಿಗೆ ಎಳೆದೊಯ್ದಿತು. ನೀವೂ ಬನ್ನಿ, ದೂರವೇನಿಲ್ಲ.

ಕನ್ನೊಳ್ಳಿಯಲ್ಲಿ ನಾನು ಶಾಲೆಯ ಮಾಸ್ತರನಾಗಿದ್ದೆ. ನಮ್ಮ ಬಾಡಿಗೆ ಮನೆಯ ಗೋಡೆಗೆ ಗೋಡೆ ಹಚ್ಚಿ ನೀಲವ್ವನ ಸಂಸಾರ. ಅವಳ ಗಂಡ ಈರಣ್ಣ ಹಗಲೆಲ್ಲ ಸಂಭಾವಿತ, ಸಂಜೆಯಾದರೆ ಹೆಂಡತಿಯ ಮೇಲೆ ಕೈ ಎತ್ತುವವ. ಗೋಡೆಯಾಚೆ ಗಲಾಟೆ ಶುರುವಾದರೆ ನಾನು ಟೀವಿಯ ದನಿ ಏರಿಸುತ್ತಿದ್ದೆ. ಶಾಲೆಯಲ್ಲಿ ಮಕ್ಕಳಿಂದ ಧೈರ್ಯದ ಮೇಲೆ ಪ್ರಬಂಧ ಬರೆಸುತ್ತಿದ್ದವನೂ ನಾನೇ! ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಹೊದ್ದುಕೊಂಡು ಬೆಚ್ಚಗೆ ಕೂತಿದ್ದೆ.

ಎದುರು ಮನೆಯ ಮಾಬೂಬಿಗೆ ಗಾದೆಗಳ ಮೇಲೆ ನಂಬಿಕೆ ಕಡಿಮೆ. ಎರಡು ಎಮ್ಮೆ, ಏರುದನಿ, ಇಡೀ ಓಣಿಯ ಉಸಾಬರಿ, ಇಷ್ಟು ಆಕೆಯ ಆಸ್ತಿ. ಒಂದು ಮಧ್ಯಾಹ್ನ ನಮ್ಮ ಕಟ್ಟೆಯ ಮುಂದೆ ಬಂದು ನಿಂತಳು.

“ಸರ, ನೀಲವ್ವ ಇವತ್ತ ನಳದ ಹಂತ್ಯಾಕ ಏನಂದ್ಲು ಗೊತ್ತೇನ್ರಿ? ‘ಕಾಕಿ, ನನಗ ನಾಳಿ ಅನ್ನೋದ ಬ್ಯಾಡಾಗೈತಿ’ ಅಂದ್ಲು.”

ನಾನು ಗಾದೆ ಹೇಳಿದೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

“ಉಂಡು ಮಲಗಾಕ ಆಕಿ ಉಳೀಬೇಕಲ್ರಿ ಸರ!” ಎಂದವಳೇ ಹೊರಟುಹೋದಳು.

ಅಂದು ಸಂಜೆ ಗಲಾಟೆ ಏಳುತ್ತಲೇ ಮಾಬೂಬಿ ಬಟ್ಟಲು ಹಿಡಿದು ಈರಣ್ಣನ ಬಾಗಿಲಿಗೆ ಬಂದಳು. ನಮ್ಮ ಕಡೆ ಹೆಪ್ಪು ಕೇಳಿಕೊಂಡು ಬಂದವರಿಗೆ ಯಾರೂ ಬಾಗಿಲು ಹಾಕುವುದಿಲ್ಲ. ಆಕೆಯ ಹಿಂದೆ ಓಣಿಯ ಇನ್ನೂ ನಾಲ್ವರು ಹೆಂಗಸರು, ಎಲ್ಲರ ಕೈಯಲ್ಲೂ ಬಟ್ಟಲು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಟೀವಿ ಆರಿಸಿದ್ದೆ, ಅಷ್ಟೇ ನನ್ನ ಪುರುಷಾರ್ಥ.

“ಎರಡ ಎಮ್ಮಿ ಕಟ್ಟೀದಿ, ನಿನಗ್ಯಾಕ ಹೆಪ್ಪು?” ಎಂದ ಈರಣ್ಣ.

“ಎಮ್ಮಿ ಹಾಲ ಕೊಡ್ತಾವಪ್ಪ, ಹೆಪ್ಪು ಕೊಡ್ತಾವೇನು?”

ಆದರೆ ಒಂದು ಎಡವಟ್ಟಾಗಿತ್ತು. ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು ಕೊಡಬಾರದೆಂದು ಒಂದು ಶಾಸ್ತ್ರ. ಸಿಟ್ಟಿನ ಭರದಲ್ಲಿ ಐವರಿಗೂ ಅದು ಮರೆತುಹೋಗಿತ್ತು. ಜನ್ಮದಲ್ಲಿ ಒಂದು ಶಾಸ್ತ್ರವನ್ನೂ ಪಾಲಿಸದ ಈರಣ್ಣನಿಗೆ ಅದೊಂದು ಸರಿಯಾಗಿ ನೆನಪಾಯಿತು.

“ದೀಪ ಹಚ್ಚೈತಿ. ಈಗ ಹೆಪ್ಪು ಕೊಡಂಗಿಲ್ಲ. ನಡೀರಿ ನಡೀರಿ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಇವರು ತಿರುಗಿ ಹೋಗಿ ಆ ಬಾಗಿಲು ಮುಚ್ಚಿದರೆ ಒಳಗೆ ನೀಲವ್ವನ ಗತಿಯೇನು? ಮಾಬೂಬಿ ಮಾತ್ರ ಹೊಸ್ತಿಲು ದಾಟಿ ಹೋಗಿ ಪಡಸಾಲೆಯಲ್ಲಿ ಕೂತೇಬಿಟ್ಟಳು.

“ಖರೇ ಐತಪ್ಪ, ಶಾಸ್ತ್ರ ಮುರೀಬಾರ್ದು. ಬೆಳಕ ಹರಿಯೂತನಾ ಕುಂದರ್ತೇವಿ. ನೀಲವ್ವ, ಬಾ ಇಲ್ಲಿ, ನನ್ನ ಬಾಜೂಕ ಕುಂದರು.”

ಐವರೂ ಕೂತರು. ಜೋಳದ ರಾಶಿ, ಯಾರದೋ ಬಸುರಿ ಸೊಸೆಯ ಕುಬುಸದ ಕಾರ್ಯ, ಯಾರದೋ ಮೊಣಕಾಲು ನೋವು, ಮಾತು ಮುಗಿಯಲೇ ಇಲ್ಲ. ಅಷ್ಟು ಜನರ ಎದುರು ಈರಣ್ಣನ ಕೈ ಏಳಲಿಲ್ಲ. ಕೊನೆಗೆ ಹೊರಬಂದು ಕಿಟಕಿಯಲ್ಲಿ ನನ್ನನ್ನು ಕಂಡು, “ಏನ್ರಿ ಸರ ಇದು, ನೀವರ ಹೇಳ್ರಿ” ಎಂದ.

“ಅವರು ಮಾಡೂದು ಬರೋಬ್ಬರಿ ಐತಿ, ಈರಣ್ಣ,” ಎಂದೆ. ದನಿ ನಡುಗಿತು, ಆದರೆ ಅಂದೆ.

ಒಂದು ಸಂಜೆಗೆ ವಾಸಿಯಾಗುವ ರೋಗವಲ್ಲ ಅದು. ಮರುದಿನದಿಂದ ದಿನಾ ಒಬ್ಬರು ಹೆಪ್ಪಿಗೆ ಹೋದರು, ದೀಪ ಹಚ್ಚುವ ಮೊದಲೇ. ಏಳುವಾಗ ಎಲ್ಲರದೂ ಒಂದೇ ಮಾತು: “ನಾಳಿಗಿ ಮತ್ತ ಬರ್ತೇವಿ, ಹೆಪ್ಪು ಇಡವ್ವ.” ನಾಳೆಯೇ ಬೇಡವೆಂದಿದ್ದವಳು ನಾಳೆ ಬರುವವರಿಗಾಗಿ ಒಂದು ಚಮಚ ಮೊಸರು ತೆಗೆದಿಡತೊಡಗಿದಳು. ಮಾಬೂಬಿ ಆಕೆಯನ್ನು ಬಸ್ಸು ಹತ್ತಿಸಿ ಮನಸ್ಸಿನ ಡಾಕ್ಟರ ಹತ್ತಿರ ಕರೆದೊಯ್ದಳು, ಒಂದು ಸಲವಲ್ಲ, ಹಲವು ಸಲ. ಈರಣ್ಣ ಮತ್ತೊಮ್ಮೆ ಕೈ ಎತ್ತಿದಾಗ ನೀಲವ್ವ ತಾನೇ ಪೊಲೀಸ್ ಠಾಣೆಗೆ ಹೊರಟಳು. ದೂರು ಬರೆದವನು ನಾನು. ನನ್ನ ಅಕ್ಷರ ಅಷ್ಟು ದುಂಡಗೆ ಅದಕ್ಕೂ ಮೊದಲು ಬಂದಿರಲಿಲ್ಲ. ಅವನು ಕೈ ಎತ್ತಿದ್ದು ಅದೇ ಕೊನೆ.

ಈಗ ಆ ಬಟ್ಟಲು ನೀಲವ್ವನ ಕೈಯಲ್ಲಿದೆ. ಯಾವ ಮನೆಯಲ್ಲಿ ದನಿ ಏರಿದರೂ ಮೊದಲು ಹೋಗುವವಳು ಅವಳೇ. ಕಳೆದ ವಾರ ಫೋನಿನಲ್ಲಿ, “ಸರ, ನಮ್ಮ ಓಣ್ಯಾಗ ಜಗಳದ ಮನಿನ ಸಿಗವಲ್ದು, ಹೆಪ್ಪು ಎಲ್ಲಿ ಕೇಳೂದ್ರಿ?” ಎಂದು ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿ ನನಗೆ ಕಣ್ಣೀರು ಬಂತು.

ಮೇಲಿನ ಮನೆಯಲ್ಲಿ ಎರಡನೆಯ ತಾಟು ಬಿತ್ತು. ರಿಮೋಟು ಇಟ್ಟು ಬಟ್ಟಲು ತೆಗೆದುಕೊಂಡೆ.

“ಫ್ರಿಜ್ ತುಂಬ ಮೊಸರೈತಿ, ಎಲ್ಲಿಗ್ರಿ?” ಎಂದ ಹೆಂಡತಿ ನನ್ನ ಮುಖ ನೋಡಿದವಳೇ ತಾನೂ ಒಂದು ಬಟ್ಟಲು ಹಿಡಿದು ಹಿಂದೆ ಬಂದಳು.

ಬಾಗಿಲು ತೆಗೆದ ಹುಡುಗನ ಹಿಂದೆ ಅವನ ಹೆಂಡತಿ ಕೆನ್ನೆಗೆ ಕೈ ಹಚ್ಚಿ ನಿಂತಿದ್ದಳು.

“ಹೆಪ್ಪು ಬೇಕಾಗಿತ್ತಪ್ಪ.”

“ದೀಪ ಹಚ್ಚೇವ್ರಿ ಕಾಕಾ, ಈಗ ಕೊಡಂಗಿಲ್ಲ...”

ಎಂಥ ಉತ್ತರ ಕೊಟ್ಟ ಪುಣ್ಯಾತ್ಮ! ನಗು ತಡೆದುಕೊಂಡು, “ಅಡ್ಡಿ ಇಲ್ಲ, ಕುಂದರ್ತೇವಿ” ಎಂದು ಒಳಗೆ ಹೋದೆ. ಈ ಸಲ ದನಿ ನಡುಗಲಿಲ್ಲ.

ಅಂದು ಆ ಹುಡುಗಿ ನಮ್ಮ ಮನೆಯಲ್ಲೇ ಉಂಡಳು, ನನ್ನ ಹೆಂಡತಿಯ ಪಕ್ಕದಲ್ಲೇ ಮಲಗಿದಳು. ಬೆಳಿಗ್ಗೆ ಅವಳ ತವರಿಗೆ ಫೋನು ಹೋಯಿತು, ಅಣ್ಣ ಬಂದ, ಆ ಗಂಡನಿಗೆ ಕೇಳಿಸಬೇಕಾದ ಮಾತು ಕೇಳಿಸಿದ್ದೂ ಆಯಿತು. ಅಣ್ಣ ಮೇಲಿನ ಮನೆಯಲ್ಲಿ ತಂಗಿಯ ಬಳಿಯೇ ಉಳಿದ. ಅಲ್ಲಿಂದ ಏಳುವಾಗ ನಾನು ಹೇಳಿದೆ, “ನಾಳಿಗಿ ಬರ್ತೇನಿ ತಂಗಿ, ಹೆಪ್ಪು ಇಡು.”

“ಇಡ್ತೇನ್ರಿ ಕಾಕಾ.”

ಇವತ್ತು ಹೋದೆವು. ಬಾಗಿಲು ತೆರೆದೇ ಇತ್ತು, ಬಟ್ಟಲಿನಲ್ಲಿ ಹೆಪ್ಪು ಮುಚ್ಚಿಟ್ಟು ದಾರಿ ನೋಡುತ್ತಿದ್ದಳು. ಫ್ರಿಜ್‌ನಲ್ಲಿ ನಮ್ಮ ಪ್ಯಾಕೆಟ್ ಮೊಸರು ಹುಳಿಯುತ್ತಿದೆ. ಹುಳಿಯಲಿ.