ಹಳದಿ ಮೊಳಕೆಯ ಮದುವೆ

ಗ್ರಾಮಸೇವಕಿಯಾಗಿದ್ದ ನಾನು ರಾಜಘಟ್ಟಕ್ಕೆ ಹೋದ ದಿನ, ಒಂದು ಮನೆಯಲ್ಲಿ ಮದುವೆಯನ್ನೇ ಮುಂದೂಡುವ ಮಾತು ನಡೆದಿತ್ತು. ಶಾಸ್ತ್ರಕ್ಕೆ ನವಧಾನ್ಯ ಬಿತ್ತಿದ್ದ ಮಡಕೆಯ ಮೇಲೆ, ಕೋಳಿ ಕೆದಕದಿರಲೆಂದು ಕುಕ್ಕೆ ಕವುಚಿಟ್ಟಿದ್ದರು. ಮೊಳಕೆಯೆಲ್ಲ ಹಳದಿ.

"ಅಪಶಕುನ ಕಣಮ್ಮ," ಅಂದರು ಹುಡುಗನ ಸೋದರತ್ತೆ.

"ಶಕುನ ಅಲ್ಲ, ಕತ್ತಲು. ಹಸಿರಾಗೋ ಗುಣ ಎಲೆಯ ವಂಶವಾಹಿಗಳಲ್ಲೇ ಇದೆ. ಬೆಳಕು ಬಿದ್ದರೆ ಅವು ಎಚ್ಚರ ಆಗ್ತವೆ. ಬಿಸಿಲಿಗಿಡಿ, ನಾನಿಲ್ಲೇ ಕೂತಿರ್ತೀನಿ."

ಕೂತೆ. ನಾನೆಲ್ಲಿ ಬಣ್ಣ ಹಚ್ಚಿಬಿಡ್ತೀನೋ ಅಂತ ಅತ್ತೆಯೂ ಎದುರಿಗೇ ಕೂತರು. ಸಂಜೆ ಬಸ್ಸಿನ ಹೊತ್ತಿಗೆ ಎಲೆಗಳಿಗೆ ಹಸಿರು ಏರಿತ್ತು. ನಾನು ಸೆರಗು ಸರಿಮಾಡಿಕೊಂಡು, ಪ್ರಧಾನಿಯಂತೆ ಎದ್ದು ನಿಂತೆ.

"ನಿನ್ನ ಕೈಗುಣ ದೊಡ್ಡದಮ್ಮ," ಅಂದರು ಅತ್ತೆ.

ಕೈಗುಣವಲ್ಲ, ವಿಜ್ಞಾನ ಅಂತ ತಿದ್ದಬೇಕಿತ್ತು. ಆದರೆ ಅಲ್ಲಿಂದಾಚೆಗೆ ಆ ಊರಿನ ಮದುವೆಗಳಲ್ಲಿ ಮೊದಲ ಹಿಡಿ ಧಾನ್ಯ ನನ್ನ ಕೈಯಲ್ಲೇ ಬಿತ್ತಿಸುತ್ತಿದ್ದರು. ವಿಜ್ಞಾನಕ್ಕೆ ಅಷ್ಟು ಮರ್ಯಾದೆ ಯಾರು ಕೊಡ್ತಾರೆ?